ಯಾರ ಮಾತಿನ ಮೇಲೆ ಮನೆ?

ಊರು ಬಿಟ್ಟು ಪರನಗರಕ್ಕೆ ಬಂದವನು ಮೊದಲ ಬಾಡಿಗೆಮನೆಯ ಬಾಗಿಲಲ್ಲಿ ನಿಂತಾಗ ಮಾಲೀಕನು ಕೇಳುವ ಪ್ರಶ್ನೆಗಳಲ್ಲಿ ಎರಡು ಎಲ್ಲ ನಗರಗಳಲ್ಲೂ ಒಂದೇ ಬಗೆಯವು. ಇದಕ್ಕೆ ಮೊದಲು ಯಾರ ಮನೆಯಲ್ಲಿದ್ದಿರಿ? ಇಲ್ಲಿ ನಿಮ್ಮನ್ನು ಬಲ್ಲವರು ಯಾರು? ಸಂಬಳವೆಷ್ಟು, ಮನೆಮಂದಿ ಎಷ್ಟು, ಅಡುಗೆ ಯಾವ ಬಗೆಯದು ಎಂಬುದಕ್ಕೆಲ್ಲ ಅವನೇ ಉತ್ತರ ಹೇಳಬಲ್ಲ. ಈ ಎರಡಕ್ಕೆ ಮಾತ್ರ ಉತ್ತರ ಬೇರೊಬ್ಬರ ಬಾಯಿಂದ ಬರಬೇಕು. ಮೊದಲ ಸಲ ಮನೆ ಹಿಡಿಯುವವನಿಗೆ ಹಿಂದಿನ ಮಾಲೀಕನೆಂಬವನೇ ಇರುವುದಿಲ್ಲ. ಹಿಂದಿನ ಮನೆ ತಂದೆಯದು, ಇಲ್ಲವೇ ಕಾಲೇಜಿನ ಹಾಸ್ಟೆಲು. ಬಾಡಿಗೆದಾರನಾಗಿ ಅವನ ಚರಿತ್ರೆ ಇನ್ನೂ ಆರಂಭವಾಗಿಲ್ಲ; ಚರಿತ್ರೆಯಿಲ್ಲದೆ ಮನೆಯಿಲ್ಲ, ಮನೆಯಿಲ್ಲದೆ ಚರಿತ್ರೆಯಿಲ್ಲ.

ಹೊರನಾಡಿನ ಕನ್ನಡಿಗರಾದ ನಾವು ಈ ತೊಡಕನ್ನು ಒಂದಲ್ಲ ಒಂದು ಬಗೆಯಲ್ಲಿ ದಾಟಿ ಬಂದವರು. ದಾಟಿದ ಮೇಲೆ ಅದು ಮರೆತುಹೋಗುತ್ತದೆ. ಆದರೆ ಆ ಪ್ರಶ್ನೆಗೂ ಒಂದು ಇತಿಹಾಸವುಂಟು. ನಗರಗಳು ಅಪರಿಚಿತನನ್ನು ಯಾವ ಆಧಾರದ ಮೇಲೆ ಒಳಗೆ ಬಿಟ್ಟುಕೊಂಡವು, ಯಾರನ್ನು ಹೊರಗೆ ನಿಲ್ಲಿಸಿದವು ಎಂಬ ಕಥೆ ಅದರಲ್ಲಿ ಅಡಗಿದೆ.

ಕಥೆಯನ್ನು ನಮ್ಮದೇ ನೆಲದ ಒಂದು ಗ್ರಂಥದಿಂದ ಆರಂಭಿಸುವುದು ಅನುಕೂಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಮುಂದೆ ಬ್ರಿಟಿಷ್ ನ್ಯಾಯಾಲಯಗಳವರೆಗೂ ಹಿಂದೂ ದಾಯಭಾಗದ ವಿಷಯದಲ್ಲಿ ಪ್ರಮಾಣವಾಗಿ ನಿಂತ ಗ್ರಂಥವದು. ಸಾಲದ ಪ್ರಕರಣದಲ್ಲಿ ಅದು ಹೊಣೆಗಾರರನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ದರ್ಶನಕ್ಕೆ ಹೊಣೆಯಾಗುವವನು ಒಬ್ಬ: ಬೇಕೆಂದಾಗ ಈ ಮನುಷ್ಯನನ್ನು ನಿಮ್ಮೆದುರು ತಂದು ನಿಲ್ಲಿಸುತ್ತೇನೆ ಎನ್ನುವವನು. ಪ್ರತ್ಯಯಕ್ಕೆ ಹೊಣೆಯಾಗುವವನು ಇನ್ನೊಬ್ಬ: ನನ್ನ ನಂಬಿಕೆಯ ಮೇಲೆ ಕೊಡಿ, ಇವನು ಮೋಸಗಾರನಲ್ಲ ಎನ್ನುವವನು. ದಾನಕ್ಕೆ, ಎಂದರೆ ಪಾವತಿಗೆ, ಹೊಣೆಯಾಗುವವನು ಮೂರನೆಯವನು: ಇವನು ಕೊಡದಿದ್ದರೆ ನಾನು ಕೊಡುತ್ತೇನೆ ಎನ್ನುವವನು. ಮೊದಲಿನ ಇಬ್ಬರ ಮಾತು ಸುಳ್ಳಾದರೆ ಅವರೇ ಸಾಲ ತೀರಿಸಬೇಕು, ಅವರ ಮಕ್ಕಳಿಗೆ ಆ ಭಾರವಿಲ್ಲ. ಮೂರನೆಯವನ ಹೊಣೆ ಮಾತ್ರ ಮಕ್ಕಳಿಗೂ ಇಳಿಯುತ್ತದೆ.

ಮನೆಯೊಡೆಯನ ಆತಂಕಗಳನ್ನು ಈ ಮೂರು ಹೆಸರುಗಳ ಕೆಳಗೆ ಸುಲಭವಾಗಿ ಜೋಡಿಸಬಹುದು. ಇವನು ರಾತ್ರೋರಾತ್ರಿ ಓಡಿಹೋದರೆ ಎಲ್ಲಿ ಹುಡುಕಲಿ? ಇದು ಹಾಜರಿಯ ಹೊಣೆಯ ಪ್ರಶ್ನೆ. ಬಾಡಿಗೆ ಕೊಡದಿದ್ದರೆ? ಇದು ಪಾವತಿಯ ಹೊಣೆಯ ಪ್ರಶ್ನೆ. ಇವನು ಎಂಥವನು? ಇದು ನಂಬಿಕೆಯ ಹೊಣೆಯ ಪ್ರಶ್ನೆ. ಕಳೆದ ನೂರು ವರ್ಷಗಳಲ್ಲಿ ನಮ್ಮ ನಗರಗಳು ಹಾಜರಿಗೂ ಪಾವತಿಗೂ ಕಾಗದಗಳನ್ನು ಕಂಡುಹಿಡಿದಿವೆ. ನಂಬಿಕೆಗೆ ಕಾಗದ ಇನ್ನೂ ಸಿಕ್ಕಿಲ್ಲ.

ನಂಬಿಕೆಯನ್ನು ಕಾಗದಕ್ಕೆ ಇಳಿಸುವ ಯತ್ನ ನಡೆಯಲಿಲ್ಲವೆಂದಲ್ಲ. ಕಂಪನಿ ಸರಕಾರದ ಕಾಲದಿಂದ ಇಂಗ್ಲಿಷರ ಮನೆಗಳಲ್ಲಿ ಕೆಲಸಕ್ಕೆ ಸೇರುತ್ತಿದ್ದ ಬಟ್ಲರರು, ಆಯಾಗಳು, ಅಡುಗೆಯವರು ಹಿಂದಿನ ಯಜಮಾನ ಬರೆದುಕೊಟ್ಟ ಶಿಫಾರಸು ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಅದಕ್ಕೆ ‘ಚಿಟ್’ ಎಂದು ಹೆಸರು. ನಮ್ಮ ಚೀಟಿ, ಹಿಂದಿಯ ಚಿಟ್ಠಿ, ಇಂಗ್ಲಿಷಿಗೆ ಹೋಗಿ ಪಡೆದ ರೂಪವದು; 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ನಿಘಂಟು ಆ ಶಬ್ದಕ್ಕೆ ಸೇವಕನಿಗೆ ಕೊಡುವ ಯೋಗ್ಯತಾಪತ್ರ ಎಂಬ ಅರ್ಥವನ್ನೂ ದಾಖಲಿಸಿದೆ. ಹಿಂದಿನ ಯಜಮಾನನ ಮಾತು ಮುಂದಿನ ಯಜಮಾನನಿಗೆ ಸಾಕ್ಷಿ ಎಂಬ ಈ ಪದ್ಧತಿಯೇ ಇಂದಿನ ‘ರೆಫರೆನ್ಸ್’ನ ಹತ್ತಿರದ ಬಂಧು. ಅದರ ಕೊರತೆಯೂ ಅಂದಿನಿಂದಲೇ ಬಂದದ್ದು. ಮೊದಲ ಚೀಟಿಯನ್ನು ಬರೆಯುವವರು ಯಾರು ಎಂಬುದಕ್ಕೆ ಆ ಪದ್ಧತಿಯೊಳಗೆ ಉತ್ತರವಿರಲಿಲ್ಲ.

ಉತ್ತರವನ್ನು ನಗರಕ್ಕೆ ಬಂದ ಜನರೇ ಕಂಡುಕೊಂಡರು. ಮುಂಬಯಿಯನ್ನು ನೋಡೋಣ. 1850ರ ದಶಕದಲ್ಲಿ ಅಲ್ಲಿ ಹತ್ತಿಯ ಗಿರಣಿಗಳು ಆರಂಭವಾದವು. ಕೊಂಕಣದಿಂದ, ಘಟ್ಟದ ಮೇಲಿನಿಂದ ಸಾವಿರಾರು ಗಂಡಸರು ಒಂಟಿಯಾಗಿ ಬಂದಿಳಿದರು. ಅವರಿಗೆ ಮನೆ ಕೊಡಿಸುತ್ತಿದ್ದವನು ಹಲವು ಸಲ ಗಿರಣಿಯ ಮುಕಾದಮನೇ. ಕೆಲಸಕ್ಕೆ ಸೇರಿಸುವವನು, ಸಾಲಕ್ಕೆ ಜಾಮೀನು ನಿಲ್ಲುವವನು, ಚಾಳಿನಲ್ಲಿ ಖೋಲಿ ಕೊಡಿಸುವವನು ಒಬ್ಬನೇ ಆಗಿದ್ದ. ಮೂರು ಬಗೆಯ ಹೊಣೆಯೂ ಒಬ್ಬನ ಕೈಯಲ್ಲಿ ಕೂಡಿದಾಗ ಆ ಕೈ ಎಷ್ಟು ಭಾರವಾಗುತ್ತದೆಂಬುದನ್ನು ಕಾರ್ಮಿಕರು ಬಲ್ಲವರಾಗಿದ್ದರು. 1931ರಲ್ಲಿ ವರದಿ ಕೊಟ್ಟ ಕಾರ್ಮಿಕರ ಕುರಿತಾದ ರಾಯಲ್ ಕಮಿಷನ್ ಮುಕಾದಮರ ಈ ಅಧಿಕಾರವನ್ನು ಕಟುವಾಗಿಯೇ ವಿಮರ್ಶಿಸಿತು.

ಮುಕಾದಮನ ಹಂಗು ಬೇಡವೆಂದವರು ಊರಿನ ಹೆಸರನ್ನು ಹಿಡಿದರು. ಒಂದೇ ಹಳ್ಳಿಯವರು ಸೇರಿ ಒಂದು ಖೋಲಿ ಹಿಡಿಯುವುದು, ಹಗಲು ಪಾಳಿಯವರು ರಾತ್ರಿ, ರಾತ್ರಿ ಪಾಳಿಯವರು ಹಗಲು ಅದೇ ಚಾಪೆಯಲ್ಲಿ ಮಲಗುವುದು, ಊಟಕ್ಕೆ ಹತ್ತಿರದ ಖಾನಾವಳಿ. ಗೋವೆಯ ಕ್ರೈಸ್ತರು ಧೋಬಿ ತಲಾವ್ ಮುಂತಾದ ಕಡೆ ಹಳ್ಳಿಗೊಂದರಂತೆ ‘ಕೂಡ್’ಗಳನ್ನು ಕಟ್ಟಿಕೊಂಡರು. ಹಡಗಿನ ಕೆಲಸಕ್ಕೆ ಹೋಗಿಬರುವವರು ಎರಡು ಪ್ರಯಾಣಗಳ ನಡುವೆ ಅಲ್ಲಿ ತಂಗುತ್ತಿದ್ದರು. ಅಲ್ಲಿಗೆ ಬರುವವನು ಹಿಂದಿನ ಮಾಲೀಕನ ಪತ್ರ ತರಬೇಕಾಗಿರಲಿಲ್ಲ. ಯಾವ ಊರಿನ ಯಾರ ಮಗನೆಂದು ಹೇಳಿದರೆ ಸಾಕು.

ನಮ್ಮವರ ಕಥೆಯೂ ಇದೇ ಜಾಡಿನದು. ಕರಾವಳಿಯಿಂದ ಮುಂಬಯಿಗೆ ಬಂದ ತುಳು-ಕನ್ನಡಿಗರ ಹಳೆಯ ಸಂಸ್ಥೆಗಳಲ್ಲೊಂದಾದ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದಿನದು. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದವು. ಇವುಗಳ ಚರಿತ್ರೆಯನ್ನು ಬರೆಯುವಾಗ ನಾವು ನಾಟಕ, ಉಪನ್ಯಾಸ, ನಾಡಹಬ್ಬಗಳನ್ನು ಎಣಿಸುತ್ತೇವೆ. ಸಭೆ ಮುಗಿದ ಮೇಲೆ ಜಗಲಿಯಲ್ಲಿ ನಡೆಯುತ್ತಿದ್ದ ಮಾತುಕತೆಯನ್ನು ಯಾವ ವರದಿಯೂ ಬರೆದಿಡುವುದಿಲ್ಲ. ಯಾರ ಚಾಳಿನಲ್ಲಿ ಖೋಲಿ ತೆರವಾಗಿದೆ, ಯಾವ ಸೇಠನಿಗೆ ಯಾರ ಪರಿಚಯವಿದೆ, ಹೊಸದಾಗಿ ಬಂದ ಹುಡುಗನ ಪರವಾಗಿ ಯಾರು ಹೋಗಿ ಮಾತಾಡುತ್ತಾರೆ ಎಂಬುದು ತೀರ್ಮಾನವಾಗುತ್ತಿದ್ದದ್ದು ಇಂಥ ಮಾತುಕತೆಗಳಲ್ಲಿ.

ಉಡುಪಿ ಹೋಟೆಲುಗಳು ಇದಕ್ಕೂ ಒಂದು ಹೆಜ್ಜೆ ಮುಂದೆ ಹೋದವು. ಹತ್ತು ಹನ್ನೆರಡರ ಹರೆಯದಲ್ಲಿ ಊರು ಬಿಟ್ಟು ಬಂದ ಹುಡುಗರಿಗೆ ಹೋಟೆಲೇ ಉದ್ಯೋಗ, ಊಟ ಮತ್ತು ಸೂರು. ಕೊನೆಯ ಗಿರಾಕಿ ಎದ್ದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗುವುದು, ಸಂಜೆ ಬಿಡುವು ಸಿಕ್ಕರೆ ಕನ್ನಡ ರಾತ್ರಿಶಾಲೆಗೆ ಹೋಗುವುದು. ಮುಂಬಯಿ ಕನ್ನಡಿಗರ ಒಂದು ತಲೆಮಾರು ಬೆಳೆದದ್ದೇ ಹೀಗೆ. ಅದನ್ನು ಸುಖದ ದಿನಗಳೆಂದು ಬಣ್ಣಿಸುವ ಅಗತ್ಯವಿಲ್ಲ. ದುಡಿಮೆ ಕಠಿನವಾಗಿತ್ತು, ಸಂಬಳ ಅಲ್ಪವಾಗಿತ್ತು. ಆದರೂ ಅಂಥ ಹೋಟೆಲಿನಲ್ಲಿ ಕೆಲವು ವರ್ಷ ಕಳೆದವನಿಗೆ ನಗರದಲ್ಲಿ ಒಂದು ಗುರುತು ಹುಟ್ಟುತ್ತಿತ್ತು. ಮುಂದೆ ಅವನು ಮದುವೆಯಾಗಿ ಖೋಲಿ ಹುಡುಕುವಾಗ, ಇವನು ನಮ್ಮಲ್ಲಿದ್ದವನು ಎಂದು ಹೇಳಲು ಗಲ್ಲೆಯ ಮೇಲೆ ಕುಳಿತ ಯಜಮಾನನಿದ್ದ. 1942ರಲ್ಲಿ ರಾಮ ನಾಯಕರು ಮಾಟುಂಗದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಊಟದ ಮನೆಗಳು, ಕುಟುಂಬವನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತರಿಗೆ ಎಲೆಯೂಟದ ಜೊತೆಗೆ ಈ ಪರಿಚಯದ ಜಾಲವನ್ನೂ ಒದಗಿಸಿದವು.

ಮಾಟುಂಗವೇ ಒಂದು ಹಳೆಯ ಭೀತಿಯ ಫಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಚಾಳುಗಳೇ ರೋಗದ ತವರೆಂದು ಸರಕಾರ ಭಾವಿಸಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಹಳೆಯ ವಸತಿಗಳನ್ನು ಕೆಡಹುವುದು, ಅಗಲವಾದ ಬೀದಿ ತೆಗೆಯುವುದು, ಉತ್ತರದಲ್ಲಿ ದಾದರು-ಮಾಟುಂಗಗಳಂಥ ಹೊಸ ಬಡಾವಣೆಗಳನ್ನು ಏರ್ಪಡಿಸುವುದು ಅದರ ಕೆಲಸ. ಅಲ್ಲಿ ಎದ್ದ ಫ್ಲ್ಯಾಟುಗಳಲ್ಲಿ ಬಚ್ಚಲು ಪಾಯಖಾನೆಗಳು ಮನೆಯೊಳಗೇ ಇದ್ದವು. ಅವುಗಳಿಗೆ ಬಂದು ನೆಲೆಸಿದವರಲ್ಲಿ ದಕ್ಷಿಣದ ಗುಮಾಸ್ತ ವರ್ಗದವರು ಗಣನೀಯರು. 1920ರಲ್ಲಿ ಸ್ಥಾಪನೆಯಾದ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರಳಿ, ನಾಯ್ಗಾಂವ್, ಡಿಲೈಲ್ ರಸ್ತೆ, ಶಿವಡಿಗಳಲ್ಲಿ 207 ಚಾಳುಗಳನ್ನು ಕಟ್ಟಿಸಿತು. ಒಂದೊಂದು ಖೋಲಿ ಸುಮಾರು 160 ಚದರಡಿ. ನಗರದಲ್ಲಿ ಸರಕಾರವೂ ಈಗ ದೊಡ್ಡ ಮನೆಮಾಲೀಕನಾಯಿತು.

ಇಲ್ಲಿಯವರೆಗಿನ ಕಥೆ ಹೃದ್ಯವಾಗಿದೆ. ಊರಿನವರು ಊರಿನವರಿಗಾದರು. ಆದರೆ ಈ ವ್ಯವಸ್ಥೆಯ ಇನ್ನೊಂದು ಮುಖವನ್ನು ನೋಡಲು ಮುಂಬಯಿಯಿಂದ ಬರೋಡಕ್ಕೆ, 1917ಕ್ಕೆ ಹೋಗಬೇಕು.

ಆ ವರ್ಷ ಇಪ್ಪತ್ತಾರರ ಹರೆಯದ ಭೀಮರಾವ್ ಅಂಬೇಡ್ಕರ್ ವಿದೇಶದ ವಿದ್ಯಾಭ್ಯಾಸ ಮುಗಿಸಿ ಬರೋಡ ಸಂಸ್ಥಾನದ ಸೇವೆಗೆ ಸೇರಲು ಹೋದರು. ಅವರನ್ನು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದು ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ. ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಕೆಲಸವೂ ಸಿದ್ಧವಾಗಿತ್ತು. ಇಲ್ಲದ್ದು ಮನೆ. ಹಿಂದೂ ವಸತಿಗೃಹಗಳಲ್ಲಿ ತಮ್ಮ ಜಾತಿಗೆ ಪ್ರವೇಶವಿಲ್ಲವೆಂಬುದು ಅವರಿಗೆ ತಿಳಿದಿತ್ತು. ಪಾರ್ಸಿಗಳ ಒಂದು ವಸತಿಗೃಹಕ್ಕೆ ಹೋದರು. ಪಾರ್ಸಿಯಲ್ಲದವರಿಗೆ ಅಲ್ಲಿ ಅವಕಾಶವಿರಲಿಲ್ಲ. ಕೊನೆಗೆ ದಿನಕ್ಕೆ ಒಂದೂವರೆ ರೂಪಾಯಿಯಂತೆ, ರಿಜಿಸ್ಟರಿನಲ್ಲಿ ಒಂದು ಪಾರ್ಸಿ ಹೆಸರು ಬರೆಯುವ ಒಪ್ಪಂದದ ಮೇಲೆ, ಅಲ್ಲಿಯ ಮೇಲ್ವಿಚಾರಕನು ಅವರನ್ನು ಇರಗೊಟ್ಟನು. ಹನ್ನೊಂದನೆಯ ದಿನ ಬೆಳಗ್ಗೆ ಕೋಲುಗಳನ್ನು ಹಿಡಿದ ಹತ್ತುಹನ್ನೆರಡು ಮಂದಿ ಬಂದು ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಗದರಿಸಿದರು. ಅಂಬೇಡ್ಕರರು ನಗರದಲ್ಲಿದ್ದ ಇಬ್ಬರು ಸ್ನೇಹಿತರನ್ನು ನೆನೆದು ಹೋದರು. ಒಬ್ಬ ಹಿಂದೂ, ನೀನು ಬಂದರೆ ಮನೆಯ ಆಳುಗಳು ಬಿಟ್ಟುಹೋಗುತ್ತಾರೆ ಎಂದನು. ಇನ್ನೊಬ್ಬ ಕ್ರೈಸ್ತ, ಹೆಂಡತಿಯನ್ನು ಕೇಳಬೇಕು ಎಂದನು. ಆ ಮಾತುಗಳ ಅರ್ಥ ಅವರಿಗಾಯಿತು. ಕಾಮಾಟಿ ಬಾಗ್ ಉದ್ಯಾನದಲ್ಲಿ ಹೊತ್ತು ಕಳೆದು ರಾತ್ರಿಯ ರೈಲು ಹತ್ತಿ ಮುಂಬಯಿಗೆ ಮರಳಿದರು. ಈ ಪ್ರಸಂಗವನ್ನು ಅವರು 1930ರ ದಶಕದಲ್ಲಿ ಬರೆದ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಸಣ್ಣ ಆತ್ಮಕಥನದಲ್ಲಿ ವಿವರವಾಗಿ ದಾಖಲಿಸಿದ್ದಾರೆ.

ವಿಜ್ಞಾನೇಶ್ವರನ ಮೂರು ಹೊಣೆಗಳನ್ನು ಇಲ್ಲಿಟ್ಟು ನೋಡಿದರೆ ಪರಿಸ್ಥಿತಿಯ ಕ್ರೌರ್ಯ ಸ್ಪಷ್ಟವಾಗುತ್ತದೆ. ಪಾವತಿಗೆ ಸಂಸ್ಥಾನದ ಸಂಬಳವಿತ್ತು. ಹಾಜರಿಗೆ ಸರಕಾರಿ ಕಚೇರಿಯ ವಿಳಾಸವಿತ್ತು. ಯೋಗ್ಯತೆಗೆ ಸ್ವತಃ ಮಹಾರಾಜರು ಸಾಕ್ಷಿ. ಆದರೂ ಮನೆಯ ಬಾಗಿಲಲ್ಲಿ ಅದಾವುದೂ ನಡೆಯಲಿಲ್ಲ. ಅಲ್ಲಿ ಬೇಕಾಗಿದ್ದದ್ದು, ಇವನು ನಮ್ಮವನು ಎಂಬ ಒಂದು ಮಾತು. ಆ ಮಾತನ್ನು ಹೇಳಬೇಕಾಗಿದ್ದವರು ಹೇಳಲಿಲ್ಲ. ಗೋವೆಯ ಕೂಡಿನಲ್ಲಿ, ಉಡುಪಿ ಹೋಟೆಲಿನಲ್ಲಿ ಹೊಸಬನಿಗೆ ಬಾಗಿಲು ತೆರೆದ ಅದೇ ಮಾತು ಬರೋಡದಲ್ಲಿ ಬಾಗಿಲು ಮುಚ್ಚಿತು. ನಂಬಿಕೆಯ ಹೊಣೆ ಸಮುದಾಯದ ಕೈಯಲ್ಲಿ ಮಾತ್ರ ಉಳಿದರೆ ಸಮುದಾಯದ ಎಲ್ಲೆಯೇ ಅದರ ಎಲ್ಲೆಯೂ ಆಗುತ್ತದೆ. ಆ ಬಳಿಕ ಅಂಬೇಡ್ಕರರು ಬಹುಕಾಲ ವಾಸಿಸಿದ್ದು ಪರೇಲಿನಲ್ಲಿ, ಇಂಪ್ರೂವ್‌ಮೆಂಟ್ ಟ್ರಸ್ಟಿನ ಚಾಳಿನ ಖೋಲಿಗಳಲ್ಲಿ; 1930ರ ದಶಕದಲ್ಲಿ ದಾದರಿನ ಹಿಂದೂ ಕಾಲೊನಿಯಲ್ಲಿ ‘ರಾಜಗೃಹ’ವೆಂಬ ಸ್ವಂತ ಮನೆ ಕಟ್ಟಿಸಿಕೊಳ್ಳುವವರೆಗೆ.

ಇದೇ ಹೊತ್ತಿಗೆ ಕಾನೂನು ಮನೆಯೊಳಕ್ಕೆ ಕಾಲಿಟ್ಟಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬಾಡಿಗೆ ಏರತೊಡಗಿದಾಗ 1918ರಲ್ಲಿ ಮುಂಬಯಿ ಸರಕಾರ ಬಾಡಿಗೆ ನಿಯಂತ್ರಣದ ಕಾಯಿದೆ ತಂದಿತು. ಎರಡನೆಯ ಮಹಾಯುದ್ಧದ ಅನಂತರ ಬಂದ 1947ರ ಮುಂಬಯಿ ಬಾಡಿಗೆ ಕಾಯಿದೆ ಇನ್ನೂ ಬಲವಾದದ್ದು. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಅದು ಪ್ರಮಾಣ ಬಾಡಿಗೆಯೆಂದು ಇಟ್ಟುಕೊಂಡಿತು. ಬಾಡಿಗೆಗೆ ರಸೀದಿ ಕೊಡಲೇಬೇಕೆಂದಿತು. ಬಾಡಿಗೆದಾರ ತೀರಿಕೊಂಡರೆ ಜೊತೆಯಲ್ಲಿದ್ದ ಕುಟುಂಬದವರಿಗೆ ಹಕ್ಕು ಉಳಿಯುವಂತೆ ಮಾಡಿತು. ಬಾಡಿಗೆಯಲ್ಲದೆ ಮಾಲೀಕನು ಬೇರಾವುದೇ ಇಡಿಗಂಟು ತೆಗೆದುಕೊಳ್ಳುವುದನ್ನು ಅಪರಾಧವೆಂದು ಸಾರಿತು.

ಒಳಗಿರುವವನಿಗೆ ಇದು ವರ. ಮಾಲೀಕನ ಮರ್ಜಿಯ ಮೇಲೆ ಬದುಕುತ್ತಿದ್ದವನ ಕೈಗೆ ಬಾಡಿಗೆ ರಸೀದಿ ಎಂಬ ಆಯುಧ ಬಂತು. ಆದರೆ ಹೊರಗೆ ನಿಂತವನ ಪಾಲಿಗೆ ಹೊಸ್ತಿಲು ಇನ್ನಷ್ಟು ಎತ್ತರವಾಯಿತು. ಒಮ್ಮೆ ಒಳಗೆ ಬಂದವನನ್ನು ಹೊರಡಿಸಲಾಗದು, ಬಾಡಿಗೆ ಏರಿಸಲಾಗದು ಎಂದಾದ ಮೇಲೆ ಒಳಗೆ ಬಿಡುವ ಮುನ್ನವೇ ಮಾಲೀಕನು ನೂರು ಸಲ ಯೋಚಿಸತೊಡಗಿದನು. ಕಾಯಿದೆ ನಿಷೇಧಿಸಿದ ಇಡಿಗಂಟು ‘ಪಗಡಿ’ ಎಂಬ ಹೆಸರಿನಲ್ಲಿ ಕತ್ತಲಲ್ಲಿ ಕೈ ಬದಲಾಯಿಸಿತು. ಪಗಡಿ ಎಂದರೆ ಪೇಟ, ರುಮಾಲು. ಮರ್ಯಾದೆಯ ಉಡುಗೆಯ ಹೆಸರು ರಸೀದಿಯಿಲ್ಲದ ಹಣಕ್ಕೆ ಅಂಟಿತು. ಪಗಡಿ ಕೊಟ್ಟವನ ಕುಲಗೋತ್ರಗಳನ್ನು ಮಾಲೀಕನು ಅಷ್ಟಾಗಿ ಕೆದಕಬೇಕಾಗಿರಲಿಲ್ಲ. ನಂಬಿಕೆಯ ಜಾಗದಲ್ಲಿ ಹಣ ಬಂದು ಕುಳಿತಿತ್ತು. ಹಣವಿಲ್ಲದ ಹೊಸಬನಿಗೆ ಹಳೆಯ ದಾರಿಯೇ ಗತಿ: ಪರಿಚಯದವರ ಮನೆಯಲ್ಲಿ ಒಂದು ಮೂಲೆ, ಉಪಬಾಡಿಗೆ, ಪೇಯಿಂಗ್ ಗೆಸ್ಟ್.

ಕಾಯಿದೆಯ ಕೈಗೆ ಸಿಗದಂತೆ ಮಾಲೀಕರು ಹುಡುಕಿದ ಇನ್ನೊಂದು ದಾರಿ ‘ಲೀವ್ ಆಂಡ್ ಲೈಸೆನ್ಸ್’. 1882ರ ಈಸ್‌ಮೆಂಟ್ಸ್ ಕಾಯಿದೆಯ ಪ್ರಕಾರ ಲೈಸೆನ್ಸ್ ಎಂದರೆ ಬರಿಯ ಅನುಮತಿ. ಆಸ್ತಿಯಲ್ಲಿ ಯಾವ ಹಕ್ಕನ್ನೂ ಅದು ಕೊಡುವುದಿಲ್ಲ. ಬಾಡಿಗೆದಾರನೆಂಬ ಹೆಸರು ತಪ್ಪಿಸಿ ಅನುಮತಿ ಪಡೆದವನೆಂದು ಬರೆದರೆ ಬಾಡಿಗೆ ಕಾಯಿದೆ ಅನ್ವಯಿಸದು. ಇದನ್ನು ಕಂಡ ಮಹಾರಾಷ್ಟ್ರ ಸರಕಾರ 1973ರಲ್ಲಿ ತಿದ್ದುಪಡಿ ತಂದು, ಆ ವರ್ಷದ ಫೆಬ್ರುವರಿ 1ರಂದು ಲೈಸೆನ್ಸಿನ ಮೇಲೆ ವಾಸವಿದ್ದವರೆಲ್ಲ ಬಾಡಿಗೆದಾರರೇ ಎಂದು ಘೋಷಿಸಿತು. ಅಂದು ಒಳಗಿದ್ದವರು ಗೆದ್ದರು. ಮರುದಿನ ಬಂದವರನ್ನು ಮಾಲೀಕರು ಇನ್ನಷ್ಟು ಶಂಕೆಯಿಂದ ನೋಡಿದರು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಚಕ್ರವನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿತು. ಅವಧಿ ಮುಗಿದ ಲೈಸೆನ್ಸಿನವನು ಮನೆ ಬಿಡಲೇಬೇಕು. ಒಪ್ಪಂದ ಬರಹದಲ್ಲಿರಬೇಕು, ನೋಂದಣಿಯಾಗಬೇಕು, ಅದು ಮಾಲೀಕನ ಜವಾಬ್ದಾರಿ. ಅರ್ಧ ಶತಮಾನದ ಕಾಲ ಅಪರಾಧವಾಗಿದ್ದ ಪಗಡಿಗೂ ಈಗ ಕಾನೂನಿನ ಒಪ್ಪಿಗೆ. ಹನ್ನೊಂದು ತಿಂಗಳ ಕರಾರಿನ ಗುಟ್ಟು ಬೇರೆ ಕಡೆಯದು. ಒಂದು ವರ್ಷವನ್ನು ಮೀರಿದ ಗುತ್ತಿಗೆಗಳು ಕಡ್ಡಾಯವಾಗಿ ನೋಂದಣಿಯಾಗಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಹನ್ನೆರಡಕ್ಕೆ ಒಂದು ಕಡಿಮೆ ಬರೆದರೆ ಆ ಕಟ್ಟಳೆಯಿಂದ ಪಾರು.

ದಿಲ್ಲಿಯ ಕಥೆ ಸ್ವಲ್ಪ ಭಿನ್ನ. ಅಲ್ಲಿ ಗುಮಾಸ್ತನ ಕನಸು ಸರಕಾರಿ ಕ್ವಾರ್ಟರ್ಸು. ನನ್ನಂಥ ಕೇಂದ್ರ ಸರಕಾರಿ ನೌಕರರಿಗೆ ಅದು ಸರದಿಯ ಪ್ರಕಾರ ದೊರೆಯುತ್ತದೆ. ಸರದಿ ಬರುವವರೆಗೆ ಖಾಸಗಿ ಮನೆಯೇ ಗತಿ. 1958ರ ದಿಲ್ಲಿ ಬಾಡಿಗೆ ನಿಯಂತ್ರಣ ಕಾಯಿದೆ ಪಗಡಿಯನ್ನು ಹೆಸರಿಟ್ಟೇ ನಿಷೇಧಿಸಿತು. ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಕೂಡದೆಂದಿತು. 1988ರ ತಿದ್ದುಪಡಿಯು ತಿಂಗಳಿಗೆ 3500 ರೂಪಾಯಿ ಮೀರಿದ ಮನೆಗಳನ್ನು ಕಾಯಿದೆಯ ಹೊರಗಿಟ್ಟ ಮೇಲೆ ಆ ರಕ್ಷಣೆ ಇಂದಿನ ಬಹುಪಾಲು ಬಾಡಿಗೆದಾರರಿಗೆ ದಕ್ಕುವುದಿಲ್ಲ. ಸರಕಾರಿ ನೌಕರನಿಗೆ ಗುರುತಿನ ಚೀಟಿಯೂ ಸಂಬಳದ ಚೀಟಿಯೂ ಇರುವುದರಿಂದ ಹಾಜರಿ ಮತ್ತು ಪಾವತಿಯ ಪ್ರಶ್ನೆಗಳು ಬೇಗ ಮುಗಿಯುತ್ತವೆ. ಆಮೇಲೂ ಮಾಲೀಕರು, ನಿಮ್ಮನ್ನು ಬಲ್ಲವರು ಯಾರು ಎಂದು ಕೇಳುವುದನ್ನು ಬಿಡುವುದಿಲ್ಲ. ದಿಲ್ಲಿಯಲ್ಲಿ ನಾನು ಹಿಡಿದ ಮೊದಲ ಕೋಣೆಗೆ ಹಾಗೆ ಮಾತು ಕೊಟ್ಟವರು ಕಚೇರಿಯ ಒಬ್ಬ ಹಿರಿಯ ತಮಿಳರು. ನನ್ನ ಪರಿಚಯ ಅವರಿಗಿದ್ದದ್ದು ಮೂರು ವಾರಗಳದು ಮಾತ್ರ.

ಕರ್ನಾಟಕದೊಳಗೆ ಹಣದ ದಾರಿ ಇನ್ನೂ ವಿಶಿಷ್ಟವಾದ ರೂಪ ತಳೆದಿದೆ. ಬೆಂಗಳೂರಿನ ದೊಡ್ಡ ‘ಅಡ್ವಾನ್ಸ್’ ಹೊರಗಿನಿಂದ ಬಂದವರ ಎದೆ ನಡುಗಿಸುವಂಥದು. ಅದರ ಜೊತೆಗೇ ‘ಭೋಗ್ಯ’ವೂ ಉಂಟು: ಇಡಿಗಂಟು ಕೊಟ್ಟು, ಬಾಡಿಗೆಯಿಲ್ಲದೆ ಅವಧಿಯವರೆಗೆ ವಾಸಿಸಿ, ಬಿಡುವಾಗ ಗಂಟನ್ನು ಮರಳಿ ಪಡೆಯುವುದು. ಈ ಶಬ್ದವೂ ಮಿತಾಕ್ಷರೆಯ ಕಾಲಕ್ಕೆ ಒಯ್ಯುತ್ತದೆ. ಅನುಭವಿಸಬಹುದಾದ ಅಡವನ್ನು ಧರ್ಮಶಾಸ್ತ್ರ ಭೋಗ್ಯವೆಂದೇ ಕರೆಯಿತು. ಭೋಗ್ಯದಲ್ಲಿ ಸಂಬಂಧ ತಲೆಕೆಳಗಾಗುತ್ತದೆ. ಬಾಡಿಗೆದಾರ ಸಾಲಕೊಟ್ಟವನಾಗುತ್ತಾನೆ, ಮಾಲೀಕ ಸಾಲಗಾರ. ಹೊಣೆಗಾರ ಬೇಕಾದದ್ದು ಈಗ ಮಾಲೀಕನಿಗೆ. ಗಂಟು ಮರಳಿ ಬರುವುದೆಂದು ಯಾರು ಮಾತು ಕೊಡುತ್ತಾರೆ? ಆ ಪ್ರಶ್ನೆಯನ್ನು ಕೇಳುವ ಧೈರ್ಯ ಮೊದಲ ಮನೆ ಹುಡುಕುವವನಿಗೆ ಎಲ್ಲಿಂದ ಬರಬೇಕು? ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮೀರಿದ ಠೇವಣಿ ಕೂಡದೆಂಬ ನಿಯಮವಿದೆ. ಅದು ಮಾದರಿಯಷ್ಟೆ; ರಾಜ್ಯಗಳು ಅಂಗೀಕರಿಸಿದರೆ ಮಾತ್ರ ಜಾರಿಗೆ ಬರುತ್ತದೆ.

ಹಾಜರಿಯ ಹೊಣೆಯನ್ನು ಈಚಿನ ದಶಕಗಳಲ್ಲಿ ಪೊಲೀಸರು ವಹಿಸಿಕೊಂಡಿದ್ದಾರೆ. ಬಾಡಿಗೆದಾರನ ವಿವರವನ್ನು ಠಾಣೆಗೆ ಕೊಡಬೇಕೆಂಬ ಆದೇಶಗಳು ಮುಂಬಯಿ, ದಿಲ್ಲಿಗಳಂಥ ನಗರಗಳಲ್ಲಿ ರೂಢಿಯಾಗಿವೆ. ಭಾವಚಿತ್ರ, ಖಾಯಂ ವಿಳಾಸ, ಕೆಲಸದ ಜಾಗ, ಗುರುತಿನ ಸಂಖ್ಯೆ ಎಲ್ಲವೂ ಬೇಕು. ಮುಂಬಯಿ ಪೊಲೀಸರ ನಮೂನೆಯಲ್ಲಿ ಇವುಗಳ ಜೊತೆಗೆ ಬಾಡಿಗೆದಾರನನ್ನು ಬಲ್ಲವರ ಹೆಸರುಗಳನ್ನೂ ಬರೆಯಬೇಕು. ಇಷ್ಟೆಲ್ಲ ಸಂಖ್ಯೆಗಳ ಬಳಿಕವೂ ಗಣಕಯಂತ್ರ ಕೇಳುವುದು ಚಾಳಿನ ಸೇಠ್ ಕೇಳುತ್ತಿದ್ದ ಪ್ರಶ್ನೆಯನ್ನೇ.

ಬರೋಡದ ಬಾಗಿಲೂ ಪೂರ್ತಿ ತೆರೆದಿಲ್ಲ. ಅಂಬೇಡ್ಕರರು ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಸಂವಿಧಾನದ 15ನೆಯ ವಿಧಿಯು ಅಂಗಡಿ, ಉಪಾಹಾರಗೃಹ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳಗಳಲ್ಲಿ ಜಾತಿ ಮತಗಳ ಕಾರಣಕ್ಕೆ ಪ್ರವೇಶ ನಿರಾಕರಿಸುವುದನ್ನು ತಡೆಯುತ್ತದೆ. ಖಾಸಗಿಯಾಗಿ ಬಾಡಿಗೆಗೆ ಕೊಡುವ ಮನೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಸುಖದೇವ್ ಥೋರಟ್ ಮತ್ತು ಸಂಗಡಿಗರು ದಿಲ್ಲಿ ರಾಜಧಾನಿ ಪ್ರದೇಶದಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ದಲಿತ ಮತ್ತು ಮುಸ್ಲಿಂ ಹೆಸರು ಹೇಳಿ ಮನೆ ಕೇಳಿದವರಿಗೆ ಮೇಲ್ಜಾತಿಯ ಹೆಸರು ಹೇಳಿದವರಿಗಿಂತ ಹೆಚ್ಚು ನಿರಾಕರಣೆ ಎದುರಾಯಿತೆಂದು ತೋರಿಸಿತು. ಇಂಥ ನಿರಾಕರಣೆ ಎಂದೂ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಮನೆ ಈಗಷ್ಟೇ ಬೇರೆಯವರಿಗೆ ಹೋಯಿತು, ಹಿಂದಿನ ಮಾಲೀಕರ ಪತ್ರವಿದ್ದರೆ ನೋಡಬಹುದಿತ್ತು ಎಂಬ ಸಭ್ಯ ಮಾತಿನಲ್ಲಿ ಬರುತ್ತದೆ.

ಈ ಇತಿಹಾಸದಿಂದ ನಮ್ಮ ಪಾಲಿಗೆ ಬರುವುದೇನು? ಕಾನೂನು ಠೇವಣಿಗೆ ಮಿತಿ ಹಾಕಬಲ್ಲದು, ಕರಾರನ್ನು ಬರೆಸಬಲ್ಲದು, ಗುರುತನ್ನು ಪರಿಶೀಲಿಸಬಲ್ಲದು. ಇವನು ಎಂಥವನೆಂದು ಹೇಳಲು ಒಬ್ಬ ಮನುಷ್ಯನೇ ಬೇಕು. ಹೊರನಾಡ ಕನ್ನಡ ಸಂಘಗಳು ನೂರು ವರ್ಷಗಳ ಕಾಲ ಈ ಕೆಲಸವನ್ನು ಸದ್ದಿಲ್ಲದೆ ಮಾಡಿವೆ. ಅದು ಅವುಗಳ ನಾಟಕೋತ್ಸವಗಳಷ್ಟೇ ದೊಡ್ಡ ಸಾಧನೆ. ಚರಿತ್ರೆಯಲ್ಲಿ ಅದಕ್ಕೂ ಒಂದು ಪುಟ ಸಲ್ಲಬೇಕು. ಆದರೆ ನಮ್ಮ ಸಂಘಗಳು ಯಾವ ಕನ್ನಡಿಗರಿಗೆ ಹೊಣೆ ನಿಂತವು, ಯಾರು ಆ ಜಗಲಿಯವರೆಗೆ ಬರಲೇ ಇಲ್ಲ ಎಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕಾಗುತ್ತದೆ. ಮುಂಬಯಿಯ ನಮ್ಮ ಹಳೆಯ ಸಂಸ್ಥೆಗಳಲ್ಲಿ ಹಲವು ಜಾತಿಯ ಹೆಸರನ್ನೇ ಹೊತ್ತು ಹುಟ್ಟಿದವು. ಹುಟ್ಟಿದ ಕಾಲಕ್ಕೆ ಅದು ಸಹಜವಾಗಿತ್ತು, ಎಷ್ಟೋ ಬಡ ಹುಡುಗರನ್ನು ಅದು ಬೀದಿಯಿಂದ ಕಾಪಾಡಿತು. ಇಂದಿಗೂ ನಮ್ಮ ಮಾತು ಅದೇ ಎಲ್ಲೆಯೊಳಗೆ ನಿಂತರೆ ಬರೋಡದ ಆ ಇಬ್ಬರು ಸ್ನೇಹಿತರಿಗೂ ನಮಗೂ ಹೆಚ್ಚು ವ್ಯತ್ಯಾಸ ಉಳಿಯದು.

ಈಗ ನಮ್ಮಲ್ಲಿ ಅನೇಕರು ಹೊಣೆ ನಿಲ್ಲಬಲ್ಲ ಸ್ಥಿತಿಯಲ್ಲಿದ್ದೇವೆ. ಕೆಲವರು ಸ್ವತಃ ಮನೆ ಮಾಲೀಕರೂ ಆಗಿದ್ದಾರೆ. ಕಚೇರಿಗೆ ಹೊಸದಾಗಿ ಸೇರಿದ ರಾಯಚೂರಿನ ಹುಡುಗಿಯೋ ಬಿಹಾರದ ಹುಡುಗನೋ ಮಣಿಪುರದ ತರುಣನೋ ಮೊದಲ ಮನೆ ಹುಡುಕುತ್ತಿರುವಾಗ, ಮಾಲೀಕನಿಗೆ ಒಂದು ಫೋನು ಮಾಡಿ, ಇವರನ್ನು ನಾನು ಬಲ್ಲೆ ಎಂದು ಹೇಳಲು ಎರಡು ನಿಮಿಷ ಸಾಕು. ವಿಜ್ಞಾನೇಶ್ವರನ ಪ್ರಕಾರ ಆ ಹೊಣೆ ನಮ್ಮ ಮಕ್ಕಳ ಮೇಲೂ ಬೀಳುವುದಿಲ್ಲ.